ಬಸ್ತಾದ ದಿನ ಗುಮ್ಮಟ ಹತ್ತಿದ್ದು

ಮುದ್ದೇಬಿಹಾಳ
೧೮ ನವೆಂಬರ್ ೨೦೨೪

ಇಂಡಿ ತಾಲೂಕಿನ ಗಣಿತ ಸಿಂಹಾಸನಾಧೀಶ್ವರ, ಹಿಂದಿನ ಕಾಲದ ಸೈಕಲ್ ವಿದ್ಯಾಗುರು, ನನ್ನ ತಾಯಿಯ ಖಾಸಾ ತಮ್ಮ, ಶ್ರೀಮಾನ್ ಸಿದ್ಧರಾಮ ಮಾಮಾ ಅವರ ದಿವ್ಯ ಸನ್ನಿಧಿಗೆ,

ಅಕ್ಕನ ಮಗಳು ಕೋಮಲ ಸಾಷ್ಟಾಂಗ ಬಿದ್ದು, ಬಿದ್ದಲ್ಲಿಂದಲೇ ಮಾಡುವ ಬಿನ್ನಹ. ತಾವು ದೀಪಾವಳಿ ಉಂಡು ಇಂಡಿಗೆ ಮರಳಿದ ಮೇಲೆ ಇಲ್ಲಿ ಒಂದು ಘನಕಾರ್ಯ ನಡೆದಿದೆ. ಪಡಸಾಲೆಯಲ್ಲಿ ಮಹಾಸಭೆ ಸೇರಿತ್ತು. ಅಧ್ಯಕ್ಷತೆ ಅಪ್ಪನ ಅವ್ವ ಸಾವಿತ್ರವ್ವಜ್ಜಿಯದು, ಎಲೆಯಡಿಕೆ ಸಮೇತ. ಠರಾವು ಮಂಡಿಸಿದವಳು ನನ್ನ ಅವ್ವ ಇಂದ್ರಾಬಾಯಿ. ಅನುಮೋದಿಸಿದವನು ಅಣ್ಣ ಕಾಂತು. ಅಪ್ಪ ಎಂದಿನಂತೆ ತಟಸ್ಥ ರಾಷ್ಟ್ರ. ಠರಾವು ಏನೆಂದರೆ, ಬರುವ ಬೇಸಿಗೆಯಲ್ಲಿ ಕೋಮಲಳ ಮದುವೆ. ವರ, ತಾವು.

ಇನ್ನೊಮ್ಮೆ ಓದಬೇಡ. ಮೊದಲ ಸಲ ಓದಿದ್ದೇ ಖರೆ.

ನಾನು ಚಹದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಗು ಬಂತು. ನೀನೂ ನಾನೂ ಊರಿನ ಮೇಲೆ ಹೂಡಿದ ಚೇಷ್ಟೆಗಳಿಗೆಲ್ಲ ಇವರು ಸೇಡು ತೀರಿಸುತ್ತಿದ್ದಾರೆ ಅಂದುಕೊಂಡೆ. "ಚಲೋ ಐತಿ, ಆದ್ರ ಮಾರಿ ಇನ್ನಷ್ಟು ಗಂಭೀರ ಮಾಡ್ಬೇಕಿತ್ತು" ಎಂದೆ. ಯಾರೂ ನಗಲಿಲ್ಲ. ಅವ್ವ ಎದ್ದು ಬಂದು ನನ್ನ ತಲೆ ಸವರಿದಳು. "ಮನ್ಯಾಗಿನ ಹುಡುಗ ಇರೂತನಾ ಹೊರಗಿನವರ ಕೈಯಾಗ ನಿನ್ನ ಯಾಕ ಕೊಡ್ಲಿ? ಅವನ್ನ ಯಾಕ ಬಿಡ್ಲಿ?" ಎಂದಳು. ಆಗ ಚಹದ ತಾಟು ಕೆಳಗಿಟ್ಟೆ.

ಅಕ್ಕನ ಮಗಳನ್ನು ತರುವುದು ನಮ್ಮ ಕಡೆ ಹೊಸತೇನಲ್ಲ. ನಮ್ಮ ಓಣಿಯಲ್ಲೇ ಅಂಥ ಜೋಡಿಗಳಿವೆ, ಸುಖವಾಗಿಯೂ ಇವೆ. ಆದರೆ ಅವರೆಲ್ಲ ಹಬ್ಬಕ್ಕೊಮ್ಮೆ ಫೇಡೆ ಹಿಡಿದು ಬರುವ ಮಾವಂದಿರು. ನೀನು ಇದೇ ಮನೆಯಲ್ಲಿ ಬೆಳೆದು ನನ್ನ ಮೂಗು ಒರೆಸಿದವನು. ನಾನೂ ಕಾಂತೂ ಜಗಳಾಡಿದರೆ ಇಬ್ಬರ ಕಿವಿಯನ್ನೂ ಹಿಂಡಿದವನು. ನನಗೆ ಇಬ್ಬರು ಅಣ್ಣಂದಿರು, ಅವರಲ್ಲಿ ಒಬ್ಬನಿಗೆ ಮಾಮಾ ಎಂಬ ಹೆಸರಿಟ್ಟಿದ್ದಾರೆ, ಅಷ್ಟೇ.

ಕಾಗದ ಯಾಕೆ ಅಂತೀಯಾ? ಮದುವೆ ಗೊತ್ತಾದ ಹುಡುಗ ಹುಡುಗಿ ಅಕ್ಕಿಕಾಳು ಬೀಳುವ ತನಕ ಫೋನಿನಲ್ಲಿ ಮಾತಾಡಬಾರದೆಂದು ಅಜ್ಜಿಯ ಅಪ್ಪಣೆಯಾಗಿದೆ. ನನ್ನ ಫೋನು ಕಾಂತುನ ಕಿಸೆಯಲ್ಲಿದೆ. ಕಾಗದ ಬರೆಯಬಾರದೆಂದು ಯಾರೂ ಹೇಳಿಲ್ಲ, ಯಾಕೆಂದರೆ ಕಾಗದ ಎಂಬುದೊಂದು ಇದೆ ಎಂಬುದನ್ನೇ ಎಲ್ಲರೂ ಮರೆತಿದ್ದಾರೆ. ನಿನ್ನ ಉತ್ತರ ನನ್ನ ಗೆಳತಿ ಹುಮಾಳ ಮನೆಗೆ ಬರಲಿ. ಕೇರಾಫ್ ಜುಲ್ಫಿಕರ, ಮೋಟರ್ ಸೈಕಲ್ ರಿಪೇರಿ, ಬಸ್ ಸ್ಟ್ಯಾಂಡ್ ಹಿಂದೆ.

ನಾನು "ಒಲ್ಲೆ" ಅಂದೆ. ಹುಡುಗಿಯ ಒಲ್ಲೆಯನ್ನು ನಾಚಿಕೆ ಎಂದು ನೋಂದಾಯಿಸಿಕೊಂಡರು. ಗಂಡಸು ನೀನು. ಒಂದೇ ಸಲ ಅನ್ನು, ಸಾಕು.

ಇಂತಿ ತಮ್ಮ ಪಾದದ ಧೂಳು ಝಾಡಿಸುವ
ಕೋಮಲ


ಇಂಡಿ
೧ ಡಿಸೆಂಬರ್ ೨೦೨೪

ಕೋಮಲ,

ನಿನ್ನ ಕಾಗದಕ್ಕಿಂತ ಮೊದಲೇ ಅಕ್ಕನ ಫೋನ್ ಬಂದಿತ್ತು. ಒಂಬತ್ತನೆಯ ತರಗತಿಗೆ ಪಾಠಕ್ಕೆ ಹೋಗುತ್ತಿದ್ದೆ. ಅಕ್ಕ ಹೇಳಿದಳು, ನಾನು "ಹ್ಞೂಂ" ಎಂದೆ. ಕೇಳಿಸಿತು ಎಂಬ ಅರ್ಥದಲ್ಲಿ ಅಂದೆ. ಅವಳು ಒಪ್ಪಿಗೆ ಎಂದು ತಿಳಿದಳೋ ಏನೋ, ಫೋನ್ ಇಡುವಾಗ ನಗುತ್ತಿದ್ದಳು. ಆ ತಾಸು ಹುಡುಗರಿಗೆ ಏನು ಕಲಿಸಿದೆನೋ ನೆನಪಿಲ್ಲ.

ಒಂದೇ ಸಲ ಅನ್ನು ಅಂತೀ. ನೀನು ಹುಟ್ಟುವ ಮೊದಲಿನ ಸಂಗತಿ ನಿನಗೆ ಪೂರ್ತಿ ಗೊತ್ತಿಲ್ಲ. ಅಕ್ಕ ಕಾಂತುನ ಬಾಣಂತಿತನಕ್ಕೆ ಹೂವಿನ ಹಿಪ್ಪರಗಿಯ ತವರಿಗೆ ಬಂದಿದ್ದಳು. ಅವನನ್ನಿನ್ನೂ ತೊಟ್ಟಿಲಿಗೆ ಹಾಕಿ ಹೆಸರಿಟ್ಟಿರಲಿಲ್ಲ, ಅದೇ ಮನೆಯಲ್ಲಿ ನಮ್ಮವ್ವ ಗುಂಡವ್ವ ನನ್ನನ್ನು ಹೆತ್ತು ತೀರಿಕೊಂಡಳು. ಅಕ್ಕ ಕಾಂತುನನ್ನು ಒಂದು ಮಗ್ಗುಲಿಗೆ, ನನ್ನನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ಹಾಲು ಕುಡಿಸಿದಳು. ಒಂದು ಕೂಸು ಹೆರಲು ತವರಿಗೆ ಬಂದವಳು ಎರಡು ಕೂಸು ಹೊತ್ತು ಗಂಡನ ಮನೆಗೆ ಹೋದಳು. ನಿಮ್ಮಪ್ಪ ಭೀಮಶ್ಯಾ ಮಾವ ಏನೂ ಅನ್ನಲಿಲ್ಲವಂತೆ, ಇನ್ನೊಂದು ತೊಟ್ಟಿಲು ಕಟ್ಟಿದರಂತೆ.

ಮಾತು ಬಂದಾಗ ಕಾಂತು ಕರೆದ ಹಾಗೆ ನಾನೂ ಅವಳನ್ನು ಅವ್ವಾ ಎಂದೇ ಕರೆದೆ. ಸಾಲಿಗೆ ಹಾಕುವ ಮೊದಲು ನನಗೆ ವಿಷಮಜ್ವರ ಬಂತು. ವಿಜಯಪುರದ ದವಾಖಾನೆಯಲ್ಲಿ ಅಕ್ಕ ನನ್ನ ಜೋಡಿ ಉಳಿದಳು. ಕಿಟಕಿಯಲ್ಲಿ ಗೋಳಗುಮ್ಮಟ ಕಾಣುತ್ತಿತ್ತು. ಅದನ್ನು ತೋರಿಸಿ ಹೇಳುತ್ತಿದ್ದಳು, "ಅದರಾಗ ಆ ಗ್ವಾಡಿಗೆ ನಿಂತು ಪಿಸುಗುಟ್ಟಿದ್ರ ಈ ಗ್ವಾಡಿಗೆ ಕೇಳ್ತೈತಂತ. ನಿನಗ ಆರಾಮ ಆಗ್ಲಿ, ಹೋಗೂಣು. ನೀ ಅಲ್ಲಿಂದ ಕರಿ, ನಾ ಇಲ್ಲಿಂದ ಓ ಅಂತೇನಿ." ಆರಾಮವಾಯಿತು. ಹೋಗಲಿಲ್ಲ. ಊರಿಗೆ ಮರಳಿದ ಮೇಲೆ ಸಾವಿತ್ರವ್ವ ನನ್ನನ್ನು ಎದುರಿಗೆ ಕೂಡಿಸಿಕೊಂಡು, "ಇನ್ನ ಸಾಲಿಗೆ ಹೊಂಟಿ. ಅಕ್ಕ ಅನ್ನಬೇಕು. ಅವ್ವ ಅಂದ್ರ ಮಂದಿ ನಗ್ತಾರ" ಎಂದರು. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಅಂಥವಳ ಮುಂದೆ ನಿಂತು "ನಿನ್ನ ಮಗಳು ನನಗೆ ಬೇಡ" ಎಂದು ಹೇಗೆ ಹೇಳಲಿ? ಯಾವ ಬಾಯಿಂದ? ಆ ಬಾಯಿಗೆ ಹಾಲು ಹಾಕಿದವಳೇ ಅವಳು.

ನೀನು ಅಭ್ಯಾಸ ಬಿಡಬೇಡ. ಬಿ.ಎ. ಕೊನೆಯ ವರ್ಷ.

ಸಿದ್ಧರಾಮ


ಮುದ್ದೇಬಿಹಾಳ
೨ ಜನವರಿ ೨೦೨೫

ಗಣಿತ ಸಿಂಹಾಸನಾಧೀಶ್ವರರೇ,

ಎಳ್ಳಮಾಸಿ ಹಬ್ಬಕ್ಕೆ ನೀನು ಬರಲಿಲ್ಲ. ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲುವಾಗ ಅವ್ವ ನಿನ್ನ ಪಾಲಿನ ಸಜ್ಜಿ ಕಡಬು ತೆಗೆದಿಟ್ಟು ರಸ್ತೆ ನೋಡುತ್ತಿದ್ದಳು. "ವರ ನಾಚಿಕೊಂಡಾನ" ಎಂದು ಕಾಂತು ನಕ್ಕ. ನಿನ್ನ ಜೋಡಿ ಒಂದೇ ಮಗ್ಗುಲಲ್ಲಿ ಬೆಳೆದವನು ನಿನಗೆ ಭಾವನಾಗಲು ಹೊರಟು ಈಗಲೇ ಮೀಸೆ ತಿದ್ದುತ್ತಿದ್ದಾನೆ.

ಹೋದ ತಿಂಗಳು ನಾನು ಕೈಗೊಂಡ ಯುದ್ಧಗಳ ವರದಿಯನ್ನು ಕಣ್ಣೀರಿನ ಸಮೇತ ಒಪ್ಪಿಸುತ್ತಿದ್ದೇನೆ.

ಮೊದಲ ಯುದ್ಧ ದೇವರ ಜೋಡಿ. ಕನಸಿನಲ್ಲಿ ಮನೆದೇವರು ಬಂದು ಈ ಮದುವೆ ಬೇಡ ಎಂದರೆಂದು ಅಜ್ಜಿಗೆ ಹೇಳಿದೆ. ಕಣ್ಣು ಮೇಲೆ ಮಾಡಿ, ಧ್ವನಿ ದಪ್ಪ ಮಾಡಿ, ಚೆನ್ನಾಗಿಯೇ ಹೇಳಿದೆ. ಅಜ್ಜಿ "ಹಂಗಾದ್ರ ಹೂ ಕೇಳಿ ಬಿಡೂಣು" ಎಂದರು. ಗುಡಿಗೆ ಹೋದೆವು. ಬಲಗಡೆಯ ಹೂವು ಬಿದ್ದರೆ ದೇವರು ಹೂಂ ಅಂದಂತೆ, ಎಡಗಡೆಯದು ಬಿದ್ದರೆ ಊಹೂಂ. ನಾನು ಮುಂಚೆಯೇ ಹೋಗಿ, ಕೈಮುಗಿದು, ಕ್ಷಮೆ ಕೇಳಿ, ಎಡಗಡೆಯ ಹೂವನ್ನು ಸಡಿಲ ಮಾಡಿ, ಬಲಗಡೆಯದನ್ನು ಎಣ್ಣೆ ಮಡ್ಡಿಗೆ ಅಂಟಿಸಿ ಬಂದಿದ್ದೆ. ಗಂಟೆ ಬಾರಿಸಿದರು. ಅಂಟಿಸಿದ ಹೂವು ಬಿತ್ತು. ಸಡಿಲಾದದ್ದು ದೇವರ ಹೆಗಲ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಮಾಮಾ, ಆವತ್ತು ನನಗೆ ಹೆದರಿಕೆಯಾಯಿತು.

ಎರಡನೆಯದು ಹುಮಾ ಕೊಟ್ಟ ಹತಾರ. ನಿನ್ನ ಕಾಗದ ಓದಿ ಅವಳು ಹಣೆ ಬಡಿದುಕೊಂಡಳು. "ನಮ್ಮಲ್ಲಿ ಒಬ್ಬಾಕಿ ಹಾಲು ಕುಡದವ್ರು ಒಡಹುಟ್ಟಿದವ್ರು ಇದ್ದಂಗಲೇ. ಮದುವಿ ಹರಾಮ್. ನಿಮ್ಮವ್ವಗ ಹೇಳು" ಎಂದಳು. ಓಡಿಬಂದು ಹೇಳಿದೆ. ಅವ್ವ ಜೋಳ ಹಸನು ಮಾಡುತ್ತಿದ್ದಳು. ಕೈ ತಡೆಯಿತು. ಮೊರದಲ್ಲಿ ಬೆರಳಾಡಿಸಿದಳು. "ಅದು ಅವರ ಪದ್ಧತಿ. ನಮ್ಮಲ್ಲಿ ಅದಕ್ಕ ಹೆಸರಿಲ್ಲ" ಎಂದಳು. ಆಮೇಲೆ ಹಸನಾದ ಜೋಳವನ್ನೇ ಮತ್ತೆ ಹಸನು ಮಾಡತೊಡಗಿದಳು.

ಹೆಸರಿಲ್ಲವಂತೆ ಮಾಮಾ. ಹೆಸರಿತ್ತಲ್ಲ? ಅಜ್ಜಿ ಕಸಿದುಕೊಂಡರಲ್ಲ?

ನನ್ನ ಹತ್ತಿರ ಇನ್ನು ಯಾವ ಚೇಷ್ಟೆಯೂ ಉಳಿದಿಲ್ಲ. ನೀನು ಬಾಯಿ ಬಿಡು.

ಸೋತ ಸೇನಾಪತಿ
ಕೋಮಲ


ಇಂಡಿ
೨೦ ಜನವರಿ ೨೦೨೫

ಕೋಮಲ,

ಅಕ್ಕ ಇಲ್ಲಿಗೆ ಬಂದಿದ್ದಳು. ಒಬ್ಬಳೇ. ಸಿಂದಗಿಯಲ್ಲಿ ಬಸ್ ಬದಲಿಸಿ, ತಲೆಯ ಮೇಲೆ ರೊಟ್ಟಿ ಗಂಟು ಹೊತ್ತು. ನನ್ನ ಖೋಲಿ ಕಸ ಹೊಡೆದಳು. ಅಂಗಿ ಒಗೆದಳು. ಊಟಕ್ಕೆ ಕೂತಾಗ ಕೇಳಿದಳು:

"ಮನಸಿನ್ಯಾಗ ಬ್ಯಾರೆ ಯಾರರ ಅದಾರೇನಪಾ?"

"ಇಲ್ಲ."

"ಮತ್ತ ಎಳ್ಳಮಾಸಿಗೆ ಯಾಕ ಬರ್ಲಿಲ್ಲ?"

ನಾನು ತಾಟು ನೋಡುತ್ತಿದ್ದೆ. ಅವಳು ಹೇಳಿದಳು, "ನಾಳೆ ಯಾರೋ ಹುಡುಗಿ ಬರ್ತಾಳ. ಅಕಿಗೆ ನಾ ಯಾರು? ಗಂಡನ ಅಕ್ಕ. ಹಬ್ಬಕ್ಕೊಮ್ಮೆ ಸೀರಿ ಕೊಟ್ಟು ಕಳಸ್ತೀರಿ. ಕೋಮಲ ಆದ್ರ ನೀ ಎಲ್ಲೂ ಹೋಗೂದಿಲ್ಲ." ಅವಳ ಹಿಮ್ಮಡಿ ಒಡೆದು ರಕ್ತ ಜಿನುಗಿತ್ತು. ಚಪ್ಪಲಿಯ ಪಟ್ಟಿ ಸಿಂದಗಿಯಲ್ಲೇ ಹರಿದಿತ್ತಂತೆ.

"ನೀ ಹೇಳಿದಂಗ" ಎಂದುಬಿಟ್ಟೆ.

ಫೆಬ್ರುವರಿ ಹದಿನಾರರ ಆದಿತ್ಯವಾರ ವಿಜಯಪುರದಲ್ಲಿ ಮದುವೆಯ ಅರಿವೆಯ ಬಸ್ತಾ. ನನ್ನನ್ನು ಬೈಯಿ. ಆದರೆ ಬೈದು ಬರೆಯಬೇಡ, ಓದುವ ಶಕ್ತಿ ಇಲ್ಲ. ಈಚೆಗೆ ಬೆಳಿಗ್ಗೆ ಏಳಬೇಕು ಅನ್ನಿಸುವುದಿಲ್ಲ.

ಸಿ.


ಮುದ್ದೇಬಿಹಾಳ
೨೬ ಜನವರಿ ೨೦೨೫

ಮಾಮಾ,

ಇವತ್ತು ಬಿರುದು ಇಲ್ಲ. ಬಿರುದು ಕೊಡುವಷ್ಟು ಗಾಳಿ ಎದೆಯಲ್ಲಿಲ್ಲ.

ನಿನ್ನ ಕಾಗದ ಓದಿ ಹುಮಾಳ ಅಪ್ಪನ ಗ್ಯಾರೇಜಿನ ಹಿಂದೆ, ಹಳೆ ಟಯರುಗಳ ನಡುವೆ ಕೂತು ಅತ್ತೆ. ಜುಲ್ಫಿಕರ ಚಾಚಾ ಬಂದು ನೋಡಿ, ಏನೂ ಕೇಳದೆ, ಗಾಡಿಯೊಂದರ ಇಂಜಿನ್ ಚಾಲೂ ಮಾಡಿ ಇಟ್ಟು ಹೋದರು, ನನ್ನ ಸದ್ದು ಹೊರಗೆ ಕೇಳದಿರಲಿ ಎಂದು.

ಅವಳು ಪಾದ ತೋರಿಸಿದಳು, ನೀನು ನನ್ನನ್ನು ಕೊಟ್ಟುಬಿಟ್ಟೆ. ನಿನ್ನನ್ನೂ. ನಾಳೆ ನಾವಿಬ್ಬರೂ ಒಂದು ಖೋಲಿಯಲ್ಲಿ ಕದ ಹಾಕಿಕೊಂಡು ಎದುರುಬದುರು ಕೂತು ಏನು ಮಾಡೋಣ? ಮಗ್ಗಿ ಹೇಳೋಣವೇ? ನಿನಗೆ ಬೆಳಿಗ್ಗೆ ಏಳಬೇಕೆನಿಸದ ಆ ಮನೆಯಲ್ಲಿ ನಾನೂ ಏಳದೆ ಮಲಗಿರುತ್ತೇನೆ. ಅವ್ವ ರೊಟ್ಟಿ ಗಂಟು ಹೊತ್ತು ಬಂದು ಕದ ಬಡಿಯುತ್ತಾಳೆ. ಇದಕ್ಕೇನಾ ಅವಳು ನಮ್ಮನ್ನು ಸಾಕಿದ್ದು?

ಬಸ್ತಾ ಎಂದರೆ ನಿನಗೆ ಗೊತ್ತು. ಎರಡೂ ಬೀಗರು ಅಂಗಡಿಯ ಒಂದೇ ಗಾದಿಯ ಮೇಲೆ ಎದುರುಬದುರು ಕೂತು ಮದುವೆಯ ಅರಿವೆ ಕೊಂಡು ಹರಿಸಿದರೆ ಮುಗಿಯಿತು. ಆಮೇಲೆ ಮದುವೆ ಮುರಿದರೆ ಹೆಣ್ಣಿಗೂ ಗಂಡಿಗೂ ಮನೆತನಕ್ಕೂ ಮಾತು. ಹಾಗಾಗಿ ನಮಗೆ ಉಳಿದದ್ದು ಆ ಆದಿತ್ಯವಾರದ ಮುಂಜಾನೆ ಮಾತ್ರ.

ಕೇಳು. ಅವ್ವ ಗುಮ್ಮಟ ಹತ್ತಿಲ್ಲ. ಈ ವಯಸ್ಸಿನ ತನಕ ವಿಜಯಪುರಕ್ಕೆ ದವಾಖಾನೆಗೆ ಹೋಗಿದ್ದಾಳೆ, ಕೋರ್ಟಿಗೆ ಹೋಗಿದ್ದಾಳೆ, ಮಂದಿಯ ಬಸ್ತಾಕ್ಕೆ ಹೋಗಿದ್ದಾಳೆ, ಬಸ್ಸಿನ ಕಿಟಕಿಯಲ್ಲಿ ಗುಮ್ಮಟ ನೋಡಿ ಕೈ ಮುಗಿದಿದ್ದಾಳೆ. ಜಗತ್ತು ವಿಮಾನ ಹತ್ತಿ ಬಂದು ನೋಡುವ ಊರನ್ನು ಪ್ರವಾಸಿಯ ಹಾಗೆ ಒಂದು ದಿನವೂ ನೋಡಿಲ್ಲ. ನಿನ್ನೆ ನಾನು ಹೇಳಿದೆ, "ಬಸ್ತಾಕ್ಕಿಂತ ಮೊದಲ ಗುಮ್ಮಟ ನೋಡೂಣಬೇ. ಆಮ್ಯಾಲ ನಾ ಮಂದಿ ಮನೀಗಿ ಹೋಗಾಕಿ." ಅಜ್ಜಿ "ಮಂದಿ ಮನಿ ಯಾವ್ದಬೇ, ಇದ ಮನಿ" ಎಂದರು. ಆದರೆ ಅವ್ವ ಒಪ್ಪಿದಳು.

ನಾನು ಅವಳನ್ನು ಒಂದು ಕಡೆ ಗೋಡೆಗೆ ಕಿವಿ ಹಚ್ಚಿಸಿ ನಿಲ್ಲಿಸುತ್ತೇನೆ. ನೀನು ಆಚೆ ಗೋಡೆಗೆ ಹೋಗು. ಮುಖ ನೋಡಬೇಕಾಗಿಲ್ಲ, ಪಾದ ಕಾಣುವುದಿಲ್ಲ. ಗೋಡೆಗೆ ಹೇಳು. ಹೇಳಬೇಕಾದ್ದನ್ನು ಬರೆದೇ ಕೊಡುತ್ತೇನೆ: "ಅಕ್ಕಾ, ನನಗ ಈ ಮದುವಿ ಬ್ಯಾಡ. ಕೋಮಲ ನನಗ ತಂಗಿ." ಬಾಯಿಪಾಠ ಮಾಡು. ಇದು ಚೇಷ್ಟೆಯಲ್ಲ. ಚೇಷ್ಟೆಯೇ ಆಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಕೋಮಲ


ಇಂಡಿ
೫ ಫೆಬ್ರುವರಿ ೨೦೨೫

ಕೋಮಲ,

ಇಂಡಿಯಿಂದ ನೇರ ಗುಮ್ಮಟದ ಬಾಗಿಲಿಗೆ ಬರುತ್ತೇನೆ. ಹೇಳುತ್ತೇನೆಂದು ಭಾಷೆ ಕೊಡುವುದಿಲ್ಲ.

ಸಿದ್ಧರಾಮ


ಮುದ್ದೇಬಿಹಾಳ
೧೮ ಫೆಬ್ರುವರಿ ೨೦೨೫

ಗುಮ್ಮಟದಿಂದ ಪಲಾಯನಗೈದ ಮಾಮಾಸಾಹೇಬರಿಗೆ,

ಶ್ರೀಮತಿ ಇಂದ್ರಾಬಾಯಿಯವರ ವಿಜಯಪುರ ಪ್ರವಾಸ ಕಥನ, ಪ್ರಥಮ ಹಾಗೂ ಅಂತಿಮ ಸಂಪುಟ. ನೀನು ಅರ್ಧಕ್ಕೆ ಓಡಿದ್ದರಿಂದ ಪೂರ್ತಿ ಬರೆಯುತ್ತಿದ್ದೇನೆ.

ಕ್ರೂಸರ್ ಗಾಡಿ ತುಂಬ ಜನ. ಹೂವಿನ ಹಿಪ್ಪರಗಿ ಬಂದಾಗ ಅವ್ವ ತವರುಮನೆಯ ಓಣಿಯ ಕಡೆ ಮುಖ ಮಾಡಿ ಕೂತಳು, ಊರು ದಾಟಿದರೂ ಮುಖ ತಿರುಗಿಸಲಿಲ್ಲ. ಬಾಗೇವಾಡಿಯಲ್ಲಿ ಚಹ. ಮನಗೂಳಿಯಲ್ಲಿ ಅಜ್ಜಿಗೆ ವಾಂತಿ. ವಿಜಯಪುರ ಸೇರಿದ ಮೇಲೆ ಅಜ್ಜಿ ಇನ್ನು ಆ ಡಬ್ಬಿಯೊಳಗೆ ಕೂರುವುದಿಲ್ಲವೆಂದು ಹಟ ಹಿಡಿದು ಟಾಂಗಾ ಹತ್ತಿದರು. ಹೆಂಗಸರೆಲ್ಲ ಅದರಲ್ಲೇ.

ಟಾಂಗಾದ ಚಮನಸಾಬ ನಮ್ಮನ್ನು ಮೊದಲು ಬಾರಾಕಮಾನಿಗೆ ಒಯ್ದ. ಬರೇ ಕಮಾನುಗಳು, ಮೇಲೆ ಆಕಾಶ. ಒಳಗೆ ಪಾರಿವಾಳ, ಹುಲ್ಲು, ಎಳೆಬಿಸಿಲು. ಎಷ್ಟು ಚಂದ ಮಾಮಾ! ದವಾಖಾನೆಯ ಚೀಟಿ ಕೈಯಲ್ಲಿ ಹಿಡಿದು ಈ ರಸ್ತೆಯಲ್ಲೇ ಎಷ್ಟು ಸಲ ಓಡಿದ್ದೇವೆ, ತಲೆ ಎತ್ತಿಯೇ ಇಲ್ಲ.

"ಮ್ಯಾಲಿಂದು ಬಿದ್ದಿತ್ತೇನು?" ಎಂದು ಅಜ್ಜಿ ಕೇಳಿದರು.

"ಬಿದ್ದಿಲ್ರಿ ಅಮ್ಮಾ, ಕಟ್ಟೇ ಇಲ್ಲ. ಕಟ್ಟೂದ್ರಾಗ ಬಾದಶಾ ಹೋಗಿಬಿಟ್ಟ. ಅಲ್ಲಿಗೇ ಬಿಟ್ರು" ಎಂದ ಚಮನಸಾಬ.

"ಮುಗಸಾಕ ಯಾರೂ ಇದ್ದಿಲ್ಲೇನು?"

ನಾನು ಅವ್ವನ ಕಡೆ ನೋಡಿ ಹೇಳಿದೆ, "ಅರ್ಧಕ್ಕ ನಿಲ್ಲಿಸಿದ್ದನ್ನೂ ಮಂದಿ ಪರದೇಶದಿಂದ ಬಂದು ನೋಡ್ತಾರಜ್ಜಿ. ಎಲ್ಲಾ ಮುಗಸಲೇಬೇಕಂತ ಏನೈತಿ?" ಅವ್ವ ಕಂಬಕ್ಕೆ ಕೈಯೂರಿ ನಿಂತಿದ್ದಳು. "ಬಾಯಿ ಭಾಳ ಆತು ನಿಂದು" ಎಂದಳು. ಆದರೆ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು.

ಗುಮ್ಮಟದ ಬಾಗಿಲಲ್ಲಿ ನೀನು. ಗಡ್ಡ ಬಿಟ್ಟು, ಇಳಿದು ಹೋಗಿದ್ದೆ. ಅವ್ವ ನಿನ್ನ ಗದ್ದ ಹಿಡಿದು "ಏನಾಗೈತೋ ನಿನಗ" ಎಂದಾಗ ನೀನು ಮುಖ ಆಚೆ ತಿರುಗಿಸಿದೆ. ಮೆಟ್ಟಿಲು ಹತ್ತುವಾಗ ನಿನಗೆ ಅವಳು ಕಂಡಿರಲಿಕ್ಕಿಲ್ಲ, ನೀನು ಮುಂದಿದ್ದೆ. ಆ ಸುರುಳಿ ಮೆಟ್ಟಿಲಿನಲ್ಲಿ ಗೋಡೆ ಹಿಡಿದು, ಸೀರೆಯ ನೆರಿಗೆ ಎತ್ತಿ ಹಿಡಿದು, ಒಂದೊಂದು ಗವಾಕ್ಷಿಗೂ ನಿಂತು ಉಸಿರು ಬಿಡುತ್ತ ಹತ್ತಿದಳು. ಅಜ್ಜಿಯೂ ಮಿಕ್ಕವರೂ ಕೆಳಗೇ ಉಳಿದರು. ಮೇಲೆ ಮಾಳಿಗೆಗೆ ಬಂದು ಊರು ಕಂಡಾಗ ಅವ್ವ "ಅಯ್ಯ, ಆ ದವಾಖಾನಿ ಎಷ್ಟ ಸಣ್ಣದೈತಿ" ಎಂದಳು. ಇಡೀ ಶಹರದಲ್ಲಿ ಅವಳು ಹುಡುಕಿದ್ದು ಅದೊಂದನ್ನೇ.

ಒಳಗೆ ಗ್ಯಾಲರಿಯಲ್ಲಿ ಸಾಲಿ ಹುಡುಗರ ದಂಡು. ಸೀಟಿ, ಕೇಕೆ, ಪ್ರತಿಯೊಂದೂ ಹತ್ತಾಗಿ ತಿರುಗಿ ಬರುವುದು. ನನ್ನ ಯೋಜನೆಯೆಲ್ಲ ಮಣ್ಣುಪಾಲಾಗುವುದರಲ್ಲಿತ್ತು. ಆಗ ನಾನು ಸೆರಗು ಬಿಗಿದು, ಮುಖ ಕಲ್ಲು ಮಾಡಿ, ಕೈಯೆತ್ತಿ ಘೋಷಿಸಿದೆ: "ಪುರಾತತ್ವ ಇಲಾಖೆಯಿಂದ ಗುಮ್ಮಟದ ಕಿವಿ ತಪಾಸಣೆ ನಡದೈತಿ. ಗದ್ದಲ ಮಾಡಿದವರ ಹೆಸರು ನಿಮ್ಮ ಹೆಡ್ ಮಾಸ್ತರರಿಗೆ ಹೋಗ್ತೈತಿ." ಅವರ ಮಾಸ್ತರರೇ ಮೊದಲು ಬಾಯಿ ಮುಚ್ಚಿಕೊಂಡರು. ಬೇರೆ ದಿನವಾಗಿದ್ದರೆ ಇದನ್ನು ನಾವಿಬ್ಬರೂ ವರ್ಷವಿಡೀ ನೆನೆದು ನಗುತ್ತಿದ್ದೆವು.

ಆಚೆ ಬದಿಗೆ ನೀನು ಅಂಗೈಯಷ್ಟು ಕಾಣುತ್ತಿದ್ದೆ. ಅವ್ವ ಕಿವಿಯ ಜುಮಕಿ ಗೋಡೆಗೆ ತಾಗುತ್ತದೆಂದು ಬಿಚ್ಚಿ ನನ್ನ ಕೈಗಿಟ್ಟಳು. ಕಿವಿ ಹಚ್ಚಿದಳು. ನಾನು ಹುಡುಗರನ್ನು ತಡೆಯುತ್ತ ನಿಂತಿದ್ದರಿಂದ ನನಗೆ ಏನೂ ಕೇಳಿಸಲಿಲ್ಲ. ಅವಳ ಮುಖ ಮಾತ್ರ ಕಂಡಿತು. ಬಹಳ ಹೊತ್ತು ಏನೂ ಆಗಲಿಲ್ಲ. ನೀನು ಹೇಳುವುದಿಲ್ಲ, ಎಲ್ಲ ಮುಗಿಯಿತು ಅಂದುಕೊಂಡೆ. ಆಮೇಲೆ ಒಮ್ಮೆಲೇ ಅವಳ ಕಣ್ಣು ಮುಚ್ಚಿದವು. ತುಟಿಯನ್ನು ಗೋಡೆಗೆ ತಂದು ಏನೋ ಅಂದಳು. ಒಂದಕ್ಷರ ಇದ್ದೀತು. ಅಂದು, ಹಣೆಯನ್ನು ಗೋಡೆಗೆ ಹಚ್ಚಿ ನಿಂತುಬಿಟ್ಟಳು. ಬೆನ್ನು ಅಲುಗುತ್ತಿತ್ತು. ತಲೆ ಎತ್ತಿ ಆಚೆ ನೋಡಿದರೆ ನೀನಿಲ್ಲ.

ಕೆಳಗೆ ಬಂದಾಗ "ವರ ಎಲ್ಲಿ?" ಎಂದು ಎಲ್ಲರೂ ಕೇಳಿದರು. "ಊರಿಗಿ ಹೋದ. ನಡ್ರಿ, ಅಂಗಡಿ" ಎಂದಳು ಅವ್ವ. ನಡ್ರಿ ಅಂಗಡಿ ಎಂದರೆ ಏನು ಅರ್ಥ?

ಅಂಗಡಿಯಲ್ಲಿ ಗಾದಿ ಹಾಸಿದ್ದರು. ಹೆಣ್ಣಿನ ಕಡೆಯವರು ಈಚೆ, ಗಂಡಿನ ಕಡೆಯವರು ಆಚೆ. ಅವ್ವ ಎಲ್ಲಿ ಕೂರಬೇಕು? ಹೆಣ್ಣಿನ ತಾಯಿಯೂ ಅವಳೇ, ಗಂಡಿನ ಹಿರಿಯಳೂ ಅವಳೇ. ತನಗೆ ತಾನೇ ಬೀಗತಿ. ಆಚೆ ಗಾದಿಯ ಮೇಲೆ ಕೂಡಿಸಿದರು. ಅಂಗಡಿಯವನು ಜರಿ ಸೀರೆ ಬಿಚ್ಚಿ ಚೆಲ್ಲಿದ. ಕೆಂಪು, ಹಸಿರು, ಒಂದರ ಮೇಲೊಂದು. ಅವ್ವ ಒಂದನ್ನೂ ಮುಟ್ಟಲಿಲ್ಲ.

"ಇವನ್ನ ಮಡಚ್ರಿ" ಎಂದಳು. "ಇವತ್ತ ಬಸ್ತಾ ಇಲ್ಲ. ಯುಗಾದಿ ಅರಿವಿ ತೋರಸ್ರಿ. ಮೂರೂ ಮಕ್ಕಳಿಗೆ."

ಎಲೆಯಡಿಕೆ ಅಜ್ಜಿಯ ಬಾಯಲ್ಲೇ ನಿಂತಿತು. "ಇಂದ್ರಾ, ತಲಿ ಸರಿ ಐತೇನು? ಮೂರನೇದು ಯಾವ್ದು?"

"ಮೂರನೇದಲ್ರಿ ಅತ್ತಿ" ಎಂದಳು ಅವ್ವ. "ಎರಡನೇದು."

ಕಾಂತು ಎದ್ದು ಹೊರಗೆ ಹೋದ. ಸಂಬಂಧಿಕರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ನಮ್ಮ ತಟಸ್ಥ ರಾಷ್ಟ್ರ, ನಮ್ಮಪ್ಪ, ಮೂಲೆಯಿಂದ ಅಂಗಡಿಯವನಿಗೆ ಹೇಳಿದರು: "ಅಂಗಿ ಅರಿವಿ ಜಾಸ್ತಿ ಹರೀರಿ. ಆ ಹುಡುಗ ಎತ್ತರ ಅದಾನ."

ಮನೆಯಲ್ಲೀಗ ಸ್ಮಶಾನ. ಅಜ್ಜಿ ಊಟ ಬಿಟ್ಟಿದ್ದಾರೆ. ಕಾಂತು ಮಾತು ಬಿಟ್ಟಿದ್ದಾನೆ, ಆದರೆ ನನ್ನ ಫೋನು ಗೂಡಿನಲ್ಲಿಟ್ಟು ಹೋದ. ಆದರೂ ಕಾಗದವನ್ನೇ ಬರೆಯುತ್ತಿದ್ದೇನೆ, ನೀನು ಫೋನ್ ಎತ್ತುತ್ತಿಲ್ಲ. ಅವ್ವ ಯಾರ ಜೋಡಿಯೂ ಮಾತಾಡುವುದಿಲ್ಲ. ಜುಮಕಿ ಇನ್ನೂ ನನ್ನ ಹತ್ತಿರವೇ ಇವೆ, ಕೇಳಿಲ್ಲ. ನಾನು ಬರೆದುಕೊಟ್ಟಿದ್ದರಲ್ಲಿ ಅವಳು ಹಾಗೆ ಅಳುವಂಥದ್ದೇನೂ ಇರಲಿಲ್ಲ. ನೀನು ಏನು ಹೇಳಿದೆ?

ನಿನ್ನ
ಕೋಮಲ


ಇಂಡಿ
೨ ಮಾರ್ಚ್ ೨೦೨೫

ಕೋಮಲ,

ನಿನ್ನ ಕಾಗದ ಬರುವ ತನಕ ಬಸ್ತಾ ಆಗಿಹೋಗಿದೆ ಎಂದೇ ತಿಳಿದಿದ್ದೆ. ಫೋನ್ ಎತ್ತಲು ಧೈರ್ಯವಿರಲಿಲ್ಲ. ದೂರದ ಜಿಲ್ಲೆಗೆ ವರ್ಗಾವಣೆ ಕೇಳುವುದೋ, ಕೆಲಸವನ್ನೇ ಬಿಟ್ಟು ಹೋಗುವುದೋ ಎಂದು ಯೋಚಿಸುತ್ತ ಈ ಖೋಲಿಯಲ್ಲಿ ಬಿದ್ದಿದ್ದೆ.

ನೀನು ಬರೆದುಕೊಟ್ಟದ್ದು ಬಾಯಿಪಾಠವಾಗಿತ್ತು. ಬಸ್ಸಿನುದ್ದಕ್ಕೂ ಹೇಳಿಕೊಂಡೇ ಬಂದೆ. ಗೋಡೆಗೆ ಬಾಯಿ ಹಚ್ಚಿದೆ. ಕಲ್ಲು ತಣ್ಣಗಿತ್ತು. "ಅಕ್ಕಾ" ಎಂದು ಶುರು ಮಾಡಬೇಕು, ಆಗಲಿಲ್ಲ. ಹುಡುಗರ ಗದ್ದಲ ಒಮ್ಮೆಲೇ ನಿಂತಿತು. ಅದು ನಿನ್ನ ಕೆಲಸವೆಂದು ಈಗ ತಿಳಿಯಿತು. ಅಷ್ಟು ದೊಡ್ಡ ಗುಮ್ಮಟ ಪೂರ್ತಿ ಸುಮ್ಮನಾಗಿಬಿಟ್ಟಿತು. ಆ ಸುಮ್ಮನಿರುವಿಕೆಯಲ್ಲಿ ನನಗೆ ದವಾಖಾನೆಯ ಕಿಟಕಿ ಕಂಡಿತು.

"ಅವ್ವಾ" ಎಂದೆ.

ಅಷ್ಟೇ ಅಂದದ್ದು. ಮದುವೆಯ ಮಾತಿಲ್ಲ, ನಿನ್ನ ಹೆಸರಿಲ್ಲ. ಅಂದ ಮೇಲೆ ಕಿವಿ ಹಚ್ಚಿದೆ. ಏನೂ ಬರಲಿಲ್ಲ. ಸಾಲಿಗೆ ಹೋಗುವ ವಯಸ್ಸಿನಲ್ಲಿ ಬಿಟ್ಟ ಶಬ್ದ, ಅವಳಿಗೆ ಮರೆತುಹೋಗಿರಬೇಕು ಅಂದುಕೊಂಡೆ. ಇಷ್ಟು ವರ್ಷದ ಮೇಲೆ ಯಾಕೆ ಬಾಯಿಬಿಟ್ಟೆನೋ ಎಂದು ಗೋಡೆಯಿಂದ ಮುಖ ತೆಗೆಯಬೇಕು, ಆಗ ಬಂತು. ಕಿವಿಯ ಪಕ್ಕದಲ್ಲೇ ನಿಂತು ಅಂದ ಹಾಗೆ.

"ಓ."

ಕೋಮಲ, ಅದನ್ನು ಕೇಳಿದ ಮೇಲೆ ಅವಳ ಮುಖ ನೋಡುವ ಶಕ್ತಿ ನನಗಿರಲಿಲ್ಲ. ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾವುದೋ ಬಸ್ ಹತ್ತಿ ಕೂತೆ, ಅದು ಸಿಂದಗಿಗೆ ಹೋಯಿತು.

ಓ ಎಂದಳು, ನಿಜ. ಆದರೆ ಅಕ್ಕನಾಗಿ ಅವಳು ಕೇಳಿದ್ದೊಂದನ್ನು ನಾನು ಕೊಡಲಿಲ್ಲ. ನಾಲ್ಕು ಜನರ ಮುಂದೆ ಅವಳ ತಲೆ ತಗ್ಗಿಸಿದೆ. ಈಗ ಯಾವ ಮುಖ ಹೊತ್ತು ಬರಲಿ? ಅವಳೇನಾದರೂ ಅಂದಳೇ?

ಸಿದ್ಧರಾಮ


ಮುದ್ದೇಬಿಹಾಳ
೧೪ ಮಾರ್ಚ್ ೨೦೨೫

ಚಿರಂಜೀವಿ ಸಿದ್ಧರಾಮಗ,

ನೀ ಫೋನ ಎತ್ತವಲ್ಲಿ. ಕೋಮಲ ಕಾಗದ ಬರಿ ಅಂದ್ಲು. ನಾ ಕಾಗದ ಬರದು ಎಷ್ಟ ವರ್ಷ ಆತೋ, ಅಕ್ಷರ ಅಡ್ಡಾತಿಡ್ಡಿ ಆದ್ರ ಮಾಸ್ತರಿಕಿ ಮಾಡಬ್ಯಾಡ.

ಇಲ್ಲಿ ಎಲ್ಲಾರೂ ಆರಾಮಿಲ್ಲ. ಬೀಗರು ಬಿಜ್ಜರು ಬಂದು ಅಂದು ಹೋದ್ರು. ಅನ್ನಲಿ. ಅತ್ತಿಯವರು ಒಂದ ಹೊತ್ತು ಉಣಾಕತ್ಯಾರ. ಕಾಂತುಗ ನಾನ ಕುಂಡ್ರಿಸಿ ಹೇಳೀನಿ, ಒಂದ ಮಗ್ಗಲಾಗ ಮಲಗಿದವನ ಕಡಿಂದ ಭಾವ ಅಂತ ಹೆಂಗ ಕರಿಸ್ಕೊಳ್ಳಾಂವ ಇದ್ದೆಪಾ ಅಂತ. ಮಾರಿ ಕೆಳಗ ಹಾಕಿ ಕುಂತಾ. ಆಮ್ಯಾಲ ತನಗ ಕೊಟ್ಟ ಅಂಗಿಗಿಂತ ನಿಂದ ಚಲೋ ಐತಂತ ಜಗಳಾ ತಗದಾನ.

ನಾ ತಿಳಕೊಂಡಿದ್ದು ಒಂದ. ತಮ್ಮ ಅಂದ್ರ ಲಗ್ನ ಆದ ಮ್ಯಾಲ ಹೋಗಾವನ. ಅಳಿಯ ಆದ್ರ ಉಳಿತಾನ. ಆ ಹೆದರಿಕಿಗಿ ನಾ ಮಗನ್ನ ಅಳಿಯನ್ನ ಮಾಡ್ಕೊಳ್ಳಾಕ ಹೊಂಟಿದ್ದೆ. ಕೋಮಲ ಹಾಲಿನ ಮಾತು ಹೇಳಿದ ದಿನಾನ ಎದಿ ಧಸಕ್ಕಂದಿತ್ತು. ಹೆಸರಿಲ್ಲ ಅಂದೆ. ಹೆಸರು ನನ್ನ ಗಂಟಲಾಗ ಇತ್ತು.

ಆವತ್ತ ಅತ್ತಿಯವರು ಅಕ್ಕ ಅನ್ನು ಅಂದಾಗ ನಾ ತಿರುಗಿ ಒಂದ ಮಾತು ಅನ್ನಬೇಕಿತ್ತು. ರೊಟ್ಟಿ ಹೊತ್ತತಿತ್ತು. ಹೊತ್ತಲಿ ಅನ್ನಲಿಲ್ಲ.

ನೀ ಕರದಿ. ನಾ ಓ ಅಂದೆ. ಕೇಳಿತೋ ಇಲ್ಲೋ ಅಂತ ಇಷ್ಟ ದಿನಾ ಮಿಡುಕಿದೆ. ಕೇಳೇತಿ ಅಂತ ಕೋಮಲ ಹೇಳಿದ್ಲು. ಜುಮಕಿ ಇಸಕೊಂಡು ಹಾಕ್ಕೊಂಡೇನಿ.

ಯುಗಾದಿಗಿ ಬಾ. ಅಂಗಿ ಹೊಲಿಸಿ ಇಟ್ಟೇನಿ. ಗಡ್ಡಾ ತಕ್ಕೊಂಡ ಬಾ. ಬಂದಾಂವ ಸುಮ್ಮನ ಒಳಗ ಬರಬ್ಯಾಡ, ಬಾಗಲದಾಗ ನಿಂತ ಕರಿ. ಪಡಸಾಲ್ಯಾಗ ಅತ್ತಿಯವರು ಕುಂತಿರ್ತಾರ. ಅವರಿಗಿ ಈಗ ಕಿವಿ ಮಂದ ಆಗ್ಯಾವ. ಜೋರಾಗೇ ಕರಿ.

ಅವ್ವ